ಅದು ಗಾಜಲ್ಲ ಮಾರಾಯ್ರೇ!

ದಸರಾ ಮುಗಿದು ದೀಪಾವಳಿ ಬರುವವರೆಗಿನ ಇಪ್ಪತ್ತು ದಿನ ಠಾಕುರ್ಲಿ, ಡೊಂಬಿವಲಿ, ಕಲ್ಯಾಣದ ಮನೆಗಳಲ್ಲೆಲ್ಲ ಸಾಫ್‌ಸಫಾಯಿಯ ಗಡಿಬಿಡಿ. ಪರದೆಗಳು ಲಾಂಡ್ರಿಗೆ ಹೋಗುತ್ತವೆ, ಫ್ಯಾನಿನ ರೆಕ್ಕೆಗಳು ಹೊಳೆಯುತ್ತವೆ, ಲಾಫ್ಟಿನಲ್ಲಿ ಮಲಗಿದ್ದ ಹಿತ್ತಾಳೆ ಪಾತ್ರೆಗಳು ಕೆಳಗಿಳಿಯುತ್ತವೆ. ಈ ದಿನಗಳಲ್ಲೇ ನನ್ನ ಫೋನಿಗೆ ಬಿಡುವಿಲ್ಲ. "ಟಿವಿಯಲ್ಲಿ ಮೇಲಿಂದ ಕೆಳಗೆ ಗೆರೆ ಬಂದಿದೆ." "ಪರದೆ ಮೇಲೆ ಮೋಡ ಕವಿದ ಹಾಗೆ ಬಿಳಿ ಬಿಳಿ ಕಾಣ್ತದೆ." "ನಿನ್ನೆವರೆಗೂ ಚೆನ್ನಾಗೇ ಇತ್ತು ಮಾರಾಯ್ರೇ, ಇವತ್ತು ಬೆಳಿಗ್ಗೆಯಿಂದ ಹೀಗೆ." ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಟಿವಿ ಒರೆಸಿದ್ರಾ? ಯಾವುದರಿಂದ ಒರೆಸಿದ್ರಿ?"

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ ಬರುತ್ತದೆ. ಕನ್ನಡಿ ಒರೆಸುವ ನೀಲಿ ದ್ರವ, ಕೈಗೆ ಹಚ್ಚುವ ಸ್ಯಾನಿಟೈಸರ್, ಒದ್ದೆ ಪೇಪರು, ಒಮ್ಮೆ ಒಬ್ಬರು ವಿನೆಗರ್ ಅಂದರು. ಎಲ್ಲರೂ ಕೊನೆಗೆ ಒಂದೇ ಮಾತು ಸೇರಿಸುತ್ತಾರೆ: "ಗಾಜಲ್ವಾ, ಏನಾಗ್ತದೆ ಅಂದ್ಕೊಂಡ್ವಿ."

ಈ ಒಂದು ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಂದಾಪುರ ತಾಲೂಕಿನವನು. 1981ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ನಮ್ಮ ಕಡೆಯ ಸಾವಿರಾರು ಹುಡುಗರ ಹಾಗೆ ಹೋಟೆಲ್ ಕೆಲಸಕ್ಕೆಂದು ಬಂದೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಇಲ್ಲದಿದ್ದರೆ ನನ್ನಂಥ ಎಷ್ಟೋ ಜನ ಇಡ್ಲಿ ಪ್ಲೇಟಿನಿಂದ ಆಚೆ ಬರುತ್ತಲೇ ಇರಲಿಲ್ಲ. ಅಲ್ಲಿಂದ ಟಿವಿ ರಿಪೇರಿಯ ಕೋರ್ಸು, ಆಮೇಲೆ ಒಂದು ಅಂಗಡಿಯಲ್ಲಿ ಸಹಾಯಕ, ಆಮೇಲೆ ಸ್ವಂತ ಕೆಲಸ. ಸ್ಪೇರ್ ಪಾರ್ಟಿಗಾಗಿ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹೋಗಿ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳನ್ನು ಸುತ್ತಿದ್ದಕ್ಕೆ ಲೆಕ್ಕವಿಲ್ಲ.

ಮುಂಬೈಯಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಬಣ್ಣ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ನಾನು ಕೈಯಲ್ಲಿ ಮಲ್ಟಿಮೀಟರ್ ಹಿಡಿದು ಮನೆಮನೆ ಹತ್ತುವ ಹೊತ್ತಿಗೆ 1987 ಬಂದಿತ್ತು, ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿತ್ತು. ಚಾಳಿನಲ್ಲಿ ಟಿವಿ ಇದ್ದ ಒಂದು ಖೋಲಿಗೆ ಇಪ್ಪತ್ತು ಮೂವತ್ತು ಜನ ಸೇರುತ್ತಿದ್ದರು. ಶನಿವಾರ ಸಂಜೆ ಯಾರದ್ದಾದರೂ ಟಿವಿ ಕೆಟ್ಟರೆ ನನ್ನನ್ನು ಹುಡುಕಿಕೊಂಡು ಸ್ಟೇಷನ್ನಿಗೇ ಬರುತ್ತಿದ್ದರು.

ಕನ್ನಡಕ್ಕೆ ಮಾತ್ರ ಕಾಯಬೇಕಿತ್ತು. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ಕನ್ನಡದ ಸರದಿ ಬರುವ ದಿನ ಊರವರೆಲ್ಲ ಒಬ್ಬರಿಗೊಬ್ಬರು ಹೇಳಿ ಕಳುಹಿಸುತ್ತಿದ್ದೆವು. 1994ರಲ್ಲಿ ಉದಯ ಟಿವಿ ಬಂದು, ಕೇಬಲ್‌ನವರು ಇಲ್ಲಿಗೂ ಅದನ್ನು ಕೊಡಲು ಶುರುಮಾಡಿದ ಮೇಲೆ ನಮ್ಮ ಹೆಂಗಸರಿಗೆ, ಮುದುಕರಿಗೆ ದಿನಾ ಕನ್ನಡ ಕೇಳುವ ಭಾಗ್ಯ ಬಂತು. ಇದನ್ನು ಯಾಕೆ ಹೇಳುತ್ತೇನೆಂದರೆ, ಹೊರನಾಡಿನ ಮನೆಯಲ್ಲಿ ಟಿವಿ ಕೆಟ್ಟರೆ ಎಲ್ಲರಿಗೂ ಒಂದೇ ನಷ್ಟವಲ್ಲ. ಮಕ್ಕಳಿಗೆ ಮೊಬೈಲ್ ಇದೆ. ಮಗ, ಸೊಸೆಗೆ ಆಫೀಸಿದೆ. ಊರಿನ ಮನೆ ಬೀಗ ಹಾಕಿ ಬಂದು ಎಂಟನೇ ಮಾಳಿಗೆಯಲ್ಲಿ ಕೂತ ಅಮ್ಮನಿಗೆ ಇಡೀ ದಿನದಲ್ಲಿ ಕನ್ನಡ ಮಾತಾಡುವುದು ಅದೊಂದೇ.

ಈಗ ಗಾಜಿನ ವಿಷಯಕ್ಕೆ ಬರುತ್ತೇನೆ.

ಹಳೇ ಡಬ್ಬಾ ಟಿವಿಯ ಎದುರಿನದ್ದು ನಿಜವಾಗಿಯೂ ಗಾಜೇ. ಒಳಗಿನ ಪಿಕ್ಚರ್ ಟ್ಯೂಬಿನಲ್ಲಿ ಗಾಳಿಯೇ ಇರುವುದಿಲ್ಲ. ಹೊರಗಿನ ಗಾಳಿಯ ಒತ್ತಡ ತಡೆಯಬೇಕಾದ್ದರಿಂದ ಆ ಗಾಜನ್ನು ಬಹಳ ದಪ್ಪಕ್ಕೆ ಮಾಡುತ್ತಿದ್ದರು. 21 ಇಂಚಿನ ಟಿವಿ ಎತ್ತಲು ಇಬ್ಬರು ಬೇಕಾಗುತ್ತಿದ್ದದ್ದು ಆ ಗಾಜಿನ ತೂಕಕ್ಕೇ. ಬಣ್ಣದ ಟ್ಯೂಬಿಗೆ ಒಳಗೆ 25,000 ವೋಲ್ಟಿನ ಆಸುಪಾಸು ವಿದ್ಯುತ್ ಬೇಕಿತ್ತು. ಅದರಿಂದಾಗಿಯೇ ಪರದೆಯ ಹತ್ತಿರ ಕೈ ತಂದರೆ ರೋಮ ನಿಲ್ಲುತ್ತಿತ್ತು, ಧೂಳೂ ಬಂದು ಅಂಟುತ್ತಿತ್ತು. ಹಳೇ ಪೇಪರು ಒದ್ದೆ ಮಾಡಿ ಉಜ್ಜಿದರೂ, ಸೀರೆ ಸೆರಗಲ್ಲಿ ಒರೆಸಿದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ನಮ್ಮ ಕೈಗೆ ಅಭ್ಯಾಸವಾದದ್ದು ಆ ಟಿವಿಯಿಂದ.

ಈಗಿನ ಗೋಡೆ ಟಿವಿ ಬೇರೆಯೇ ಜಾತಿ. ಒಳಗೆ ಗಾಜಿದೆ ನಿಜ, ಆದರೆ ಅದು ಅರ್ಧ ಮಿಲಿಮೀಟರಿನ ಆಸುಪಾಸಿನ ತೆಳು ಹಾಳೆ. ಹೆಚ್ಚಿನ ಎಲ್‌ಸಿಡಿ, ಎಲ್‌ಇಡಿ ಟಿವಿಗಳಲ್ಲಿ ನಮ್ಮ ಕೈಗೆ ತಗಲುವುದು ಅದೂ ಅಲ್ಲ. ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಪದರ, ಪೋಲರೈಸರ್ ಅನ್ನುತ್ತಾರೆ. ಹಿಂದಿನಿಂದ ಬರುವ ಬೆಳಕನ್ನು ಸೋಸಿ ಚಿತ್ರ ಕಾಣುವ ಹಾಗೆ ಮಾಡುವುದು ಅದೇ. ಅದನ್ನು ಕಿತ್ತು ನೋಡಿದರೆ ಟಿವಿಯಲ್ಲಿ ಬಿಳಿ ಬೆಳಕು ಬಿಟ್ಟು ಬೇರೇನೂ ಕಾಣದು. ಆ ಪದರದ ಮೇಲೆ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಇನ್ನೊಂದು ತೆಳು ಲೇಪ. ನಾವು ಒರೆಸುವುದು ಈ ಲೇಪವನ್ನು. ಅಮೋನಿಯ, ಆಲ್ಕೊಹಾಲ್, ಅಸಿಟೋನ್ ಇರುವ ದ್ರವ ಬಿದ್ದರೆ ಇದು ಮಸುಕಾಗುತ್ತದೆ, ಬಿರುಕು ಬಿಡುತ್ತದೆ, ತೇಪೆ ತೇಪೆಯಾಗಿ ಏಳುತ್ತದೆ. ಒಮ್ಮೆ ಎದ್ದರೆ ಮತ್ತೆ ಹಚ್ಚಿಕೊಡುವ ಅಂಗಡಿ ಲ್ಯಾಮಿಂಗ್ಟನ್ ರೋಡಿನಲ್ಲೂ ನಾನು ಕಂಡಿಲ್ಲ.

ಇನ್ನೊಂದು ಅಪಾಯ ಪರದೆಯ ಕೆಳಗಿನ ಅಂಚಿನಲ್ಲಿದೆ. ಬಹುಪಾಲು ಟಿವಿಗಳಲ್ಲಿ ಚಿತ್ರದ ಸಂಕೇತ ಒಯ್ಯುವ ತೆಳ್ಳಗಿನ ಪಟ್ಟಿಗಳನ್ನು ಗಾಜಿನ ಅಂಚಿಗೆ ಅಂಟಿಸಿರುವುದು ಅಲ್ಲಿಯೇ. ಪರದೆಗೆ ನೇರವಾಗಿ ದ್ರವ ಚಿಮುಕಿಸಿದರೆ ಅದು ಇಳಿದು ಚೌಕಟ್ಟಿನೊಳಗೆ ಸೇರುತ್ತದೆ. ಕೆಲವೊಮ್ಮೆ ಕೂಡಲೇ ಗೆರೆ ಬರುತ್ತದೆ. ಕೆಲವೊಮ್ಮೆ ಅಲ್ಲಿ ಹಸಿರು ತುಕ್ಕು ಹಿಡಿದು ವಾರಗಳ ನಂತರ ಬರುತ್ತದೆ. ಆಗ ಒರೆಸಿದ್ದು ಯಾರಿಗೂ ನೆನಪಿರುವುದಿಲ್ಲ.

ನಮ್ಮ ಠಾಕುರ್ಲಿಯ ಧೂಳಿನ ಬಗ್ಗೆಯೂ ಎರಡು ಮಾತು ಹೇಳಬೇಕು. ರೈಲ್ವೆಗೆ ಕರೆಂಟು ಕೊಡಲು ಬ್ರಿಟಿಷರ ಕಾಲದಲ್ಲೇ ಇಲ್ಲಿ ಕಲ್ಲಿದ್ದಲಿನ ಪವರ್ ಹೌಸ್ ಕಟ್ಟಿದ್ದರು. ಅದು ಮುಚ್ಚಿ ದಶಕಗಳಾದರೂ ಹಳಬರು ಇಂದಿಗೂ ಅದನ್ನು ಚೋಳೆ ಪವರ್ ಹೌಸ್ ಎಂದೇ ಕರೆಯುತ್ತಾರೆ. ಈಗ ಕಲ್ಲಿದ್ದಲ ಬೂದಿಯ ಜಾಗಕ್ಕೆ 90 ಫೀಟ್ ರೋಡಿನ ಸುತ್ತ ಏಳುತ್ತಿರುವ ಕಟ್ಟಡಗಳ ಸಿಮೆಂಟು ಧೂಳು ಬಂದಿದೆ. ಹಳಿಯ ಪಕ್ಕದ ಮನೆಗಳಿಗೆ ಲೋಕಲ್‌ಗಳ ಬ್ರೇಕು ಸವೆದು ಬರುವ ಕಬ್ಬಿಣದ ಪುಡಿ ಬೇರೆ. ಒಳಗೆ ಒಗ್ಗರಣೆಯ ಹೊಗೆ, ದೇವರ ಮುಂದಿನ ಊದುಬತ್ತಿ. ಇವೆಲ್ಲ ಸೇರಿ ಪರದೆಯ ಮೇಲೆ ಎಣ್ಣೆಯಂಥ ಒಂದು ಪೊರೆ ಕಟ್ಟುತ್ತದೆ, ಅದರಲ್ಲಿ ಸಿಮೆಂಟಿನ ಕಣ, ಕಬ್ಬಿಣದ ಕಣ ಸಿಕ್ಕಿಕೊಳ್ಳುತ್ತವೆ. ಒಣ ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಉಪ್ಪುಕಾಗದ ತಿಕ್ಕಿದ ಹಾಗೆ.

ಎರಡು ವರ್ಷದ ಹಿಂದೆ ಇಲ್ಲಿಯೇ ಒಂದು ಸೊಸೈಟಿಯಿಂದ ಕರೆ ಬಂತು. ಕನ್ನಡದವರೇ, ನಮ್ಮ ಕರಾವಳಿಯವರು. 55 ಇಂಚಿನ ಟಿವಿ. ನಡುವೆ ಎರಡು ಉದ್ದ ಗೆರೆ, ಕೆಳಭಾಗದಲ್ಲಿ ಮೋಡದಂಥ ಮಸುಕು. ಮನೆಯೊಡತಿ ಬಾಗಿಲಲ್ಲೇ ಹೇಳಿದರು, "ಬಾಯಿ ಮಾಡಿದ ಕೆಲಸ ಇದು. ಅವಳ ಪಗಾರದಲ್ಲಿ ತಿಂಗಳಿಗೆ 500 ಹಿಡೀತಾ ಇದ್ದೇವೆ."

ಸೋಫಾದ ಪಕ್ಕದಲ್ಲಿ ಅವರ ಅತ್ತೆ, ಎಂಬತ್ತರ ಹತ್ತಿರದ ಅಜ್ಜಿ, ಕೂತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಕೆಲಸದ ಮಾವಶಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನಾವು ಮಾತಾಡುವ ಕನ್ನಡ ಅವಳಿಗೆ ಅರ್ಥವಾಗದು, ಆದರೆ ತನ್ನ ಮಾತೇ ನಡೆಯುತ್ತಿದೆ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು.

ಹಿಂದಿನ ಮುಚ್ಚಳ ಬಿಚ್ಚಿ ನೋಡಿದೆ. ಕೆಳಗಿನ ಪಟ್ಟಿಯ ಹತ್ತಿರ ದ್ರವ ಇಳಿದ ಗುರುತು ಸ್ಪಷ್ಟವಾಗಿತ್ತು. ಅವಳನ್ನು ಮರಾಠಿಯಲ್ಲಿ ಕೇಳಿದೆ, "ಮಾವಶಿ, ಏನು ಹಾಕಿ ಒರೆಸಿದಿ?" ಅವಳು ಅಡಗಿಸಲಿಲ್ಲ. ಸಿಂಕಿನ ಕೆಳಗಿಂದ ಬಾಟ್ಲಿ ತಂದು ತೋರಿಸಿದಳು. ಗಾಜಿಗೆ ಹಾಕುವ ಬಾಟ್ಲಿ. "ಇದನ್ನೇ ಕೊಟ್ಟಿದ್ದಾರೆ. ಕನ್ನಡಿಗೂ ಇದೇ, ಟೀಪಾಯಿಗೂ ಇದೇ, ಟಿವಿಗೂ ಇದೇ ಅಂತ ಹೇಳಿದ್ದಾರೆ. ಹೊಳೆಯುವ ಹಾಗೆ ಒರೆಸು ಅಂದರು, ಒರೆಸಿದೆ."

ಬಾಟ್ಲಿಯ ಮೇಲೆ ಬರೆದದ್ದೆಲ್ಲ ಇಂಗ್ಲಿಷು. ಅವಳಿಗೆ ಓದು ಬಾರದು. ಓದು ಬರುವವರು ಓದಿರಲಿಲ್ಲ. ಟಿವಿಯ ಜೊತೆ ಬಂದ ಪುಸ್ತಕವನ್ನು ಕೇಳಿದೆ. ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆಯದ ಹಾಗೆ ಡ್ರಾಯರಿನಲ್ಲಿತ್ತು. ಬಿಡಿಸಿ, ಪರದೆಯ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬಾರದು ಎಂಬ ಸಾಲನ್ನು ತೋರಿಸಿದೆ. ಮನೆಯೊಡತಿ ಓದಿದರು, ಏನೂ ಹೇಳಲಿಲ್ಲ.

ಆಗ ಅಜ್ಜಿ ಬಾಯಿ ಬಿಟ್ಟರು. ದಿನಾ ಮಧ್ಯಾಹ್ನ ಕೆಲಸ ಮುಗಿಸಿ ಮಾವಶಿ ಹತ್ತು ನಿಮಿಷ ನೆಲದ ಮೇಲೆ ಕೂತು ಅಜ್ಜಿಯ ಜೊತೆ ಕನ್ನಡ ಧಾರಾವಾಹಿ ನೋಡುತ್ತಾಳಂತೆ. ಅಜ್ಜಿಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು. ಆದರೆ ಯಾವ ಸೊಸೆ ಒಳ್ಳೆಯವಳು, ಯಾವ ಅತ್ತೆ ಘಾಟಿ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲವಂತೆ. ಅಜ್ಜಿ ಸೊಸೆಯ ಕಡೆ ನೋಡಿ ಹೇಳಿದರು: "ಅದರ ದುಡ್ಡು ಹಿಡೂದಾದ್ರೆ ನಂಗೆ ಟಿವಿಯೇ ಬ್ಯಾಡ. ಇಲ್ಲಿ ನನ್ ಹತ್ರ ಕೂಕಂಬುದು ಅದೊಂದೇ."

ಪ್ಯಾನೆಲ್ ಬದಲಿಸಲು ಹೊಸ ಟಿವಿಗೆ ಹತ್ತಿರ ಹತ್ತಿರ ಖರ್ಚು ಬರುತ್ತಿತ್ತು. ಬೇಡವೆಂದು ನಾನೇ ಹೇಳಿದೆ. ಕೆಳಗಿನ ಪಟ್ಟಿಯ ಜಾಗ ಶುಚಿ ಮಾಡಿ ಒಣಗಿಸಿದೆ. ಒಂದು ಗೆರೆ ಹೋಯಿತು, ಇನ್ನೊಂದು ಉಳಿಯಿತು, ಮಸುಕೂ ಉಳಿಯಿತು. ಹೊರಡುವಾಗ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಿದೆ, "ಅಕ್ಕ, ನಾನು ಹದಿನಾಲ್ಕು ವರ್ಷಕ್ಕೆ ಹೋಟೆಲಿನಲ್ಲಿ ಇದ್ದವ. ಒಡೆದ ಗ್ಲಾಸಿಗೆಲ್ಲ ಪಗಾರದಲ್ಲಿ ಹಿಡಿಯುತ್ತಿದ್ದರು. ಸೋಪುನೀರಿನ ಕೈಯಲ್ಲಿ ಒಮ್ಮೆಗೆ ಎಂಟು ಗ್ಲಾಸು ಎತ್ತು ಅಂದವರಿಗೆ ಏನೂ ಹಿಡಿಯುತ್ತಿರಲಿಲ್ಲ. ಬಾಟ್ಲಿ ಕೊಟ್ಟದ್ದು ನೀವು."

ಅವರು ಕೆಟ್ಟ ಜನವಲ್ಲ. ಮುಂದಿನ ತಿಂಗಳಿಂದ ಹಿಡಿಯುವುದನ್ನು ನಿಲ್ಲಿಸಿದರು. ಆ ಮೊದಲು ಎರಡು ತಿಂಗಳು ಹಿಡಿದಿದ್ದ 1,000 ರೂಪಾಯಿಯನ್ನು ದೀಪಾವಳಿಗೆ ಒಂದು ಮಿಠಾಯಿ ಡಬ್ಬಿಯ ಜೊತೆ ಬೋನಸ್ ಎಂದು ಕೊಟ್ಟರಂತೆ. ಅವಳದ್ದೇ ದುಡ್ಡನ್ನು ಅವಳಿಗೆ ಬಕ್ಷೀಸಾಗಿ ಕೊಟ್ಟದ್ದು ನನಗೆ ಸರಿಕಾಣಲಿಲ್ಲ. ಆದರೆ ಮಾವಶಿ ಲಿಫ್ಟಿನ ಹತ್ತಿರ ಸಿಕ್ಕಾಗ ನಗುತ್ತಲೇ ಹೇಳಿದಳು, "ಬಂತಲ್ಲ ಭಾವು, ಸಾಕು." ಅವಳ ಸಾಕು ಎಂಬ ಮಾತಿನ ಮುಂದೆ ನಾನು ಏನು ವಾದ ಮಾಡಲಿ?

ಇನ್ನು ಒರೆಸುವ ಕ್ರಮ ಹೇಳುತ್ತೇನೆ. ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ, ಸ್ವಲ್ಪ ತಾಳ್ಮೆ ಬೇಕು.

ಮೊದಲು ಟಿವಿ ಆಫ್ ಮಾಡಿ, ಪ್ಲಗ್ಗನ್ನೂ ತೆಗೆಯಿರಿ. ಹತ್ತು ಹದಿನೈದು ನಿಮಿಷ ಬಿಡಿ. ಬಿಸಿ ಪರದೆಯ ಮೇಲೆ ನೀರು ಬೇಗ ಆರಿ ಕಲೆ ಕಟ್ಟುತ್ತದೆ. ಜೊತೆಗೆ ಕಪ್ಪು ಪರದೆಯಲ್ಲಿ ಧೂಳು, ಬೆರಳ ಗುರುತು ಚೆನ್ನಾಗಿ ಕಾಣುತ್ತವೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನ.

ಬಟ್ಟೆ ಮೈಕ್ರೋಫೈಬರ್ ಇರಲಿ, ಎರಡು ಬೇಕು. ಕನ್ನಡಕದ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಜಾತಿಯ ನುಣುಪು ಬಟ್ಟೆ. ಅದರ ಎಳೆಗಳು ಕೂದಲಿಗಿಂತ ಎಷ್ಟೋ ಸಪೂರ, ಧೂಳನ್ನು ತಳ್ಳುವ ಬದಲು ಎತ್ತಿಕೊಳ್ಳುತ್ತವೆ. ಟಿಶ್ಯೂ ಪೇಪರ್, ನ್ಯೂಸ್ ಪೇಪರ್, ಟವೆಲು, ಹೊಲಿಗೆಯ ಅಂಚಿರುವ ಹಳೇ ಬನಿಯನ್ನು ಬೇಡ. ಕಾಗದ ಮರದ ನಾರಿನಿಂದ ಆದದ್ದು, ಲೇಪಕ್ಕೆ ಗೀರು ಬೀಳಿಸಬಲ್ಲದು. ಈ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬಟ್ಟೆ ಮೆತ್ತಗಾಗಲಿ ಎಂದು ಹಾಕುವ ಸುಗಂಧದ ದ್ರವವನ್ನು ಇದಕ್ಕೆ ಹಾಕಬೇಡಿ, ಅದರ ಜಿಡ್ಡು ಪರದೆಗೆ ಹತ್ತುತ್ತದೆ.

ಮೊದಲ ಸುತ್ತು ಒಣ ಬಟ್ಟೆ. ಒತ್ತದೆ, ಮಗುವಿನ ಕೆನ್ನೆ ಒರೆಸುವ ಹಾಗೆ, ಮೇಲಿಂದ ಕೆಳಗೆ. ಬಟ್ಟೆಯನ್ನು ಮಡಚಿ ಮಡಚಿ ಶುಚಿಯಾದ ಭಾಗ ಹೊರಗೆ ತರುತ್ತಿರಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಟಿವಿ ಸ್ಟ್ಯಾಂಡಿನ ಮೇಲಿದ್ದರೆ ಇನ್ನೊಂದು ಕೈಯಿಂದ ಚೌಕಟ್ಟು ಹಿಡಿದುಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅಗಲ ಹೆಚ್ಚು, ಬುಡ ಕಿರಿದು, ಮಗುಚುವುದು ಸುಲಭ.

ಜಿಡ್ಡು ಉಳಿದರೆ ಎರಡನೇ ಸುತ್ತು. ಬಟ್ಟೆಯ ಮೂಲೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಒತ್ತಿದರೂ ಹನಿ ಬೀಳಬಾರದು. ನೀರನ್ನು ಬಟ್ಟೆಗೆ ಮಾತ್ರ, ಪರದೆಗೆ ಎಂದಿಗೂ ಅಲ್ಲ. ಟ್ಯಾಂಕರ್ ನೀರು, ಬೋರಿನ ನೀರು ಗಡಸು, ಆರಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದು ಒಳ್ಳೆಯದು. ಕೊಳ್ಳುವಾಗ ನೀರನ್ನೇ ಕೇಳಿ, ಪಕ್ಕದಲ್ಲೇ ಬ್ಯಾಟರಿ ಆಸಿಡ್ಡೂ ಇಟ್ಟಿರುತ್ತಾರೆ. ಒಗ್ಗರಣೆಯ ಎಣ್ಣೆಯೇ ಹಿಡಿದಿದ್ದರೆ, ನಿಮ್ಮ ಟಿವಿಯ ಪುಸ್ತಕದಲ್ಲಿ ಬೇಡ ಎಂದಿಲ್ಲದಿದ್ದರೆ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ಡಿನ ಒಂದೆರಡು ಹನಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಕಲೆ ಹೋಗಲಿಲ್ಲವೆಂದು ಒತ್ತಬೇಡಿ. ಒತ್ತಿದರೆ ಒಳಗಿನ ಪದರಕ್ಕೆ ಪೆಟ್ಟು ಬಿದ್ದು ಆ ಜಾಗದಲ್ಲಿ ಕಾಯಂ ಚುಕ್ಕೆ ಉಳಿಯಬಹುದು. ಉಗುರಿನಿಂದಂತೂ ಕೆರೆಯಲೇಬೇಡಿ. ಒದ್ದೆ ಬಟ್ಟೆಯನ್ನು ಅಲ್ಲಿ ಮೆಲ್ಲಗೆ ಒಂದರ್ಧ ನಿಮಿಷ ಇಟ್ಟು ಮತ್ತೆ ಒರೆಸಿ. ಕೊನೆಗೆ ಎರಡನೇ ಒಣ ಬಟ್ಟೆ. ಪೂರ್ತಿ ಆರಿದ ಮೇಲೆ, ಹತ್ತು ನಿಮಿಷ ಬಿಟ್ಟು, ಪ್ಲಗ್ ಹಾಕಿ.

ಹಿಂಭಾಗದ ಗಾಳಿಕಿಂಡಿಗಳನ್ನು ಮರೆಯಬೇಡಿ. ಅಲ್ಲಿ ಧೂಳು ಕಟ್ಟಿದರೆ ಒಳಗಿನ ಬಿಸಿ ಹೊರಹೋಗದೆ ಟಿವಿಯ ಆಯುಷ್ಯ ಕಡಿಮೆಯಾಗುತ್ತದೆ. ಮೆತ್ತಗಿನ ಪೈಂಟಿಂಗ್ ಬ್ರಶ್ ಸಾಕು. ಆದರೆ ಹಿಂದಿನ ಮುಚ್ಚಳ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದ ನಾನೂ ಅದಕ್ಕೆ ಹೆದರುತ್ತೇನೆ. ರಿಮೋಟನ್ನು ಸೆಲ್ ತೆಗೆದು ಒರೆಸಿ. ಮನೆಯಲ್ಲಿ ಬೇಗ ಕೊಳಕಾಗುವ ವಸ್ತುಗಳಲ್ಲಿ ಅದೂ ಒಂದು, ಎಲ್ಲರೂ ಮರೆಯುವುದೂ ಅದನ್ನೇ.

ವಾರಕ್ಕೊಮ್ಮೆ ಒಣ ಬಟ್ಟೆ ಆಡಿಸಿದರೆ ಸಾಕು. ಆಗ ದೀಪಾವಳಿಗೆ ವರ್ಷದ ಜಿಡ್ಡನ್ನೆಲ್ಲ ಒಂದೇ ದಿನ ಉಜ್ಜುವ ಪ್ರಸಂಗ ಬರುವುದಿಲ್ಲ.

ಈಗ ನಾನು ಬ್ಯಾಗಿನಲ್ಲಿ ಒಂದಷ್ಟು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡೇ ಹೋಗುತ್ತೇನೆ. ರಿಪೇರಿ ಮುಗಿದ ಮೇಲೆ ಎರಡು ಬಟ್ಟೆ ತೆಗೆದು, "ನಿಮ್ಮ ಮನೆಯಲ್ಲಿ ಟಿವಿ ಒರೆಸುವುದು ಯಾರು?" ಎಂದು ಕೇಳುತ್ತೇನೆ. ಹೆಚ್ಚಿನ ಮನೆಗಳಲ್ಲಿ ಯಜಮಾನರು ಕೈ ಚಾಚುತ್ತಾರೆ. ನಾನು ಅವರಿಗೆ ಕೊಡುವುದಿಲ್ಲ. ಅಡಿಗೆಮನೆಯಿಂದ ಬಾಯಿಯನ್ನು ಕರೆಸಿ, ಅವಳ ಭಾಷೆಯಲ್ಲಿ ಹೇಳಿ, ಅವಳ ಕೈಯಲ್ಲೇ ಒಮ್ಮೆ ಒರೆಸಿ ತೋರಿಸಿ, ಬಟ್ಟೆ ಅವಳಿಗೇ ಕೊಟ್ಟು ಬರುತ್ತೇನೆ. ಐದು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿ ಈ ಐದು ನಿಮಿಷವನ್ನು ನೀವೇ ಮಾಡಿ, ಇದೇ ಹಬ್ಬದ ಮೊದಲು.